ಹಳೆಯ ಬಡಾವಣೆಗಳ ಅಂಗಡಿ ಮುಂಗಟ್ಟು ಮತ್ತು ಧೂಮಪಾನ ನಿಯಮಗಳು

ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ, 2003ಕ್ಕೆ ಕರ್ನಾಟಕ ವಿಧಾನಮಂಡಲವು 2024ರ ಫೆಬ್ರವರಿಯಲ್ಲಿ ಅಂಗೀಕರಿಸಿದ ತಿದ್ದುಪಡಿಯು ರಾಷ್ಟ್ರಪತಿಗಳ ಅಂಕಿತ ಪಡೆದು 2025ರ ಮೇ ತಿಂಗಳಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಮಾಡುವವರಿಗೆ ವಿಧಿಸಬಹುದಾದ ಗರಿಷ್ಠ ದಂಡವು 200 ರೂಪಾಯಿಯಿಂದ 1,000 ರೂಪಾಯಿಗೆ ಏರಿತು. ತಂಬಾಕು ಮಾರಾಟಕ್ಕೆ ನಿಗದಿಯಾಗಿದ್ದ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಏರಿತು. ಹುಕ್ಕಾ ಬಾರ್ ನಡೆಸುವವರು ಸೆರೆವಾಸಕ್ಕೂ ಗುರಿಯಾಗುವಂತಾಯಿತು. ಸಾರ್ವಜನಿಕ ಚರ್ಚೆಯು ಬಹುಮಟ್ಟಿಗೆ ದಂಡ ಮತ್ತು ಹುಕ್ಕಾ ಇವೆರಡರ ಸುತ್ತಲೇ ನಡೆಯಿತು. ಆದರೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂತಹ ಹಳೆಯ ಬಡಾವಣೆಗಳ ನಿವಾಸಿಗಳ ಮಟ್ಟಿಗೆ ಹೆಚ್ಚು ಪರಿಣಾಮ ಬೀರಬಲ್ಲದ್ದು ಅದೇ ತಿದ್ದುಪಡಿಯಲ್ಲಿರುವ ಮತ್ತೊಂದು ಅಂಶ: ಸಿಗರೇಟನ್ನು ಬಿಡಿಯಾಗಿ, ಒಂದೊಂದಾಗಿ ಮಾರುವುದರ ನಿಷೇಧ.

ಇದಕ್ಕೆ ಕಾರಣವು ಈ ಬಡಾವಣೆಗಳ ರಚನೆಯಲ್ಲಿಯೇ ಇದೆ. ಚಾಮರಾಜಪೇಟೆಯು 1892ರಲ್ಲಿ ರೂಪುಗೊಂಡಿತು. 1898ರ ಪ್ಲೇಗಿನ ತರುವಾಯ ಪೇಟೆಯ ಇಕ್ಕಟ್ಟಿನ ಓಣಿಗಳಿಂದ ಹೊರಬಂದ ಕುಟುಂಬಗಳಿಗೆ ಬಸವನಗುಡಿ ಹಾಗೂ ಮಲ್ಲೇಶ್ವರಗಳು ನೆಲೆಯಾದವು. ಗಾಳಿ ಬೆಳಕು ಧಾರಾಳವಾಗಿರಬೇಕೆಂಬುದೇ ಅಂದಿನ ಯೋಜನೆಯ ಮುಖ್ಯ ಉದ್ದೇಶವಾಗಿತ್ತು. ನೇರವಾದ ಅಗಲ ರಸ್ತೆಗಳು, ಮನೆಗಳ ಹಿಂಬದಿಯ ಕನ್ಸರ್ವೆನ್ಸಿ ಓಣಿಗಳು ಆ ಉದ್ದೇಶದಿಂದಲೇ ಬಂದವು. ಕಾಲಕ್ರಮೇಣ ಗಾಂಧಿ ಬಜಾರ್, ಸಂಪಿಗೆ ರಸ್ತೆ ಮುಂತಾದ ವಾಣಿಜ್ಯ ಬೀದಿಗಳಿಂದ ಒಳಗಿನ ಅಡ್ಡರಸ್ತೆಗಳಿಗೂ ವ್ಯಾಪಾರ ಹಬ್ಬಿತು. ಮನೆಯ ಮುಂದಿನ ಕೋಣೆ ಬೇಕರಿಯಾಗಿ, ಗ್ಯಾರೇಜು ಕಾಂಡಿಮೆಂಟ್ಸ್ ಅಂಗಡಿಯಾಗಿ ಪರಿವರ್ತನೆಯಾದ ನಿದರ್ಶನಗಳು ಈ ಭಾಗದಲ್ಲಿ ಹೇರಳ. ಪ್ಲೇಗಿನ ಭಯದಿಂದ ಶುದ್ಧ ಗಾಳಿಗಾಗಿ ಕಟ್ಟಿದ ಬೀದಿಗಳಲ್ಲಿಯೇ ಇಂದು ಅಂಗಡಿಯ ಮೇಲ್ಮಹಡಿಯ ಕುಟುಂಬವು ಹೊಗೆಯ ಕಾರಣ ಸಂಜೆ ಕಿಟಕಿ ಮುಚ್ಚಿಕೊಳ್ಳಬೇಕಾಗಿರುವುದು ವಿಪರ್ಯಾಸವೇ ಸರಿ.

ಇಂತಹ ಕುಟುಂಬವು ದೂರು ನೀಡಲು ಮುಂದಾದಾಗ ಎದುರಾಗುವ ಮೊದಲ ತೊಡಕು "ಸಾರ್ವಜನಿಕ ಸ್ಥಳ" ಎಂಬ ಪದದ್ದು. ಆಸ್ಪತ್ರೆ, ಹೋಟೆಲು, ಗ್ರಂಥಾಲಯ, ನ್ಯಾಯಾಲಯ, ಸರ್ಕಾರಿ ಕಚೇರಿ, ಬಸ್ಸು ಮುಂತಾದವುಗಳನ್ನು ಹೆಸರಿಸಿದ 2003ರ ಕಾಯ್ದೆಯು ಬಯಲು ಜಾಗವನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿತು. 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣ ಹಾಗೂ ಅಂತಹ ಇತರ ಸ್ಥಳಗಳನ್ನು ನಿಷೇಧದ ವ್ಯಾಪ್ತಿಗೆ ತಂದವು. ಕೆಲಸದ ಸ್ಥಳಗಳೂ ಸೇರಿದವು. ಸಾಮಾನ್ಯ ಪಾದಚಾರಿ ಮಾರ್ಗದ ಹೆಸರು ಮಾತ್ರ ಅಲ್ಲಿಲ್ಲ. ಆದುದರಿಂದ ಅಂಗಡಿಯೊಳಗೆ ಸೇದುವವನು ನಿಸ್ಸಂದೇಹವಾಗಿ ಅಪರಾಧಿ. ಎರಡು ಹೆಜ್ಜೆ ಹೊರಬಂದು ಪಾದಚಾರಿ ಮಾರ್ಗದಲ್ಲಿ ನಿಂತವನ ವಿಷಯದಲ್ಲಿ ವಾದಕ್ಕೆ ಎಡೆಯುಂಟು. ಸೇದುವವರು ಬಹುತೇಕ ನಿಲ್ಲುವುದು ಈ ಎರಡನೆಯ ಜಾಗದಲ್ಲಿ. ದಂಡವು ಐದು ಪಟ್ಟಾದರೂ ಈ ಎರಡು ಹೆಜ್ಜೆಗಳ ಪ್ರಶ್ನೆ ಹಾಗೆಯೇ ಉಳಿದಿದೆ.

ಬಿಡಿ ಮಾರಾಟದ ನಿಷೇಧವು ಈ ತೊಡಕನ್ನು ಬೇರೊಂದು ಬದಿಯಿಂದ ಬಿಡಿಸುತ್ತದೆ. ಪೊಟ್ಟಣ ಕೊಂಡವನು ಅದನ್ನು ಜೇಬಿಗೆ ಹಾಕಿಕೊಂಡು ಹೋಗಬಲ್ಲ. ಒಂದೇ ಒಂದು ಸಿಗರೇಟು ಕೊಂಡವನು ಸಾಮಾನ್ಯವಾಗಿ ಅಲ್ಲಿಯೇ ಹಚ್ಚಿ, ಅಲ್ಲಿಯೇ ಚಹಾ ಕುಡಿದು, ಅಲ್ಲಿಯೇ ತುಂಡನ್ನು ಎಸೆಯುತ್ತಾನೆ. ಅಂಗಡಿಯ ಮುಂದೆ ಗುಂಪು ಸೇರುವುದು ಬಿಡಿ ಮಾರಾಟದ ಫಲ. ಮಾರಾಟವು ಅಂಗಡಿಯೊಳಗೆ ನಡೆಯುವ ಕೃತ್ಯವಾದುದರಿಂದ, ಸೇದುವವನು ಎಲ್ಲಿ ನಿಂತಿದ್ದನೆಂಬ ಚರ್ಚೆಯೇ ಇಲ್ಲಿ ಹುಟ್ಟುವುದಿಲ್ಲ. ಪೊಟ್ಟಣದ ಮೇಲೆ 2016ರಿಂದ ಶೇ 85ರಷ್ಟು ಭಾಗವನ್ನು ಆವರಿಸಿರುವ ಚಿತ್ರಸಹಿತ ಎಚ್ಚರಿಕೆಯೂ ಬಿಡಿ ಸಿಗರೇಟು ಕೊಳ್ಳುವ ಹುಡುಗನ ಕಣ್ಣಿಗೆ ಬೀಳುತ್ತಿರಲಿಲ್ಲ ಎಂಬುದು ಬೇರೆ ಮಾತು. ಇದಲ್ಲದೆ, ನಿಷೇಧವಿರುವ ಸ್ಥಳದಲ್ಲಿ ಬೂದಿ ಬಟ್ಟಲು, ಬೆಂಕಿಪೊಟ್ಟಣ, ಲೈಟರುಗಳನ್ನು ಒದಗಿಸಬಾರದೆಂದು 2008ರ ನಿಯಮಗಳಲ್ಲಿಯೇ ಇದೆ. ಕಂಬಕ್ಕೆ ದಾರ ಕಟ್ಟಿ ತೂಗುಬಿಟ್ಟ ಲೈಟರು ಎಷ್ಟೋ ಅಂಗಡಿಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಅದು ನಿಯಮಬಾಹಿರವೆಂಬ ಅರಿವು ಗ್ರಾಹಕರಿಗೂ ಇಲ್ಲ, ಮಾಲೀಕರಿಗೂ ಇಲ್ಲ.

ಶಾಲಾ ಕಾಲೇಜುಗಳ ಸುತ್ತಲಿನ ನಿಷೇಧವೂ ಈ ಬಡಾವಣೆಗಳಲ್ಲಿ ತೋರಿಕೆಗಿಂತ ವಿಸ್ತಾರವಾದದ್ದು. ಮೂಲ ಕಾಯ್ದೆಯ ನೂರು ಗಜ, ಅಂದರೆ ಸುಮಾರು 91 ಮೀಟರನ್ನೇ ಹಿಡಿದರೂ, ಒಂದು ಬಿಂದುವಿನ ಸುತ್ತ ಎಳೆದ ವೃತ್ತವು ಸುಮಾರು ಆರೂವರೆ ಎಕರೆಯಷ್ಟಾಗುತ್ತದೆ. ಶಾಲೆಯು ಬಿಂದುವಲ್ಲ, ಅಳತೆಯು ಅದರ ಆವರಣ ಗೋಡೆಯಿಂದ ಆರಂಭವಾಗುತ್ತದೆ. ಈ ದೂರವು ನಡೆದುಹೋಗುವ ದಾರಿಯದಲ್ಲ, ನೇರ ಗೆರೆಯದು. ಬಸವನಗುಡಿಯ ನ್ಯಾಷನಲ್ ಕಾಲೇಜು, ಮಲ್ಲೇಶ್ವರದ ಎಂ.ಇ.ಎಸ್. ಕಾಲೇಜು, ಚಾಮರಾಜಪೇಟೆಯ ಮಕ್ಕಳ ಕೂಟ ಇವಲ್ಲದೆ ಪ್ರತಿ ಬಡಾವಣೆಯಲ್ಲಿಯೂ ಅನೇಕ ಚಿಕ್ಕ ಶಾಲೆಗಳಿವೆ. ಶಾಲೆಯ ಗೇಟಿನಿಂದ ಕಾಣದ, ಹಿಂದಿನ ಅಡ್ಡರಸ್ತೆಯ ಅಂಗಡಿಯೂ ವೃತ್ತದೊಳಗೆ ಬೀಳಬಹುದು. ಅಂತಹ ಅಂಗಡಿಯಲ್ಲಿ ಪೊಟ್ಟಣದ ಮಾರಾಟಕ್ಕೂ ಅವಕಾಶವಿಲ್ಲ.

ವ್ಯಾಪಾರಿಗಳ ಕಷ್ಟವನ್ನು ಅಲಕ್ಷಿಸುವಂತಿಲ್ಲ. ಚಿಕ್ಕ ಅಂಗಡಿಯ ಲೆಕ್ಕದಲ್ಲಿ ಬಿಡಿ ಸಿಗರೇಟು ಕೇವಲ ಒಂದು ಸರಕಲ್ಲ. ಚಹಾ, ಬನ್ನು, ಬಾಳೆಹಣ್ಣುಗಳ ಗಿರಾಕಿಯನ್ನು ಕರೆತರುವುದೂ ಅದೇ. ಇಡೀ ಪೊಟ್ಟಣಕ್ಕೆ ಹಣ ತೆರಲಾರದ ಗಿರಾಕಿ ಚಹಾಕ್ಕೂ ಬಾರದೇ ಹೋಗಬಹುದು. ಹಾಗೆಂದು ಆ ನಷ್ಟವನ್ನು ಮೇಲ್ಮಹಡಿಯ ವೃದ್ಧರು ಮತ್ತು ಮಕ್ಕಳ ಶ್ವಾಸಕೋಶಗಳು ಭರಿಸಬೇಕೆಂಬ ವಾದವೂ ನಿಲ್ಲುವಂತಹುದಲ್ಲ.

ಹಳೆಯ ಮನೆಗಳ ಜಾಗದಲ್ಲಿ ಎದ್ದಿರುವ ವಸತಿ ಸಮುಚ್ಚಯಗಳ ಮೆಟ್ಟಿಲು, ಲಿಫ್ಟು, ತಾರಸಿಗಳನ್ನು ಕಾಯ್ದೆಯು ಹೆಸರಿಸಿಲ್ಲ. ಇಲ್ಲಿ ಮಾಲೀಕರ ಸಂಘದ ಉಪವಿಧಿಗಳೇ ಹೆಚ್ಚು ಉಪಯುಕ್ತ. ಸರ್ವಸದಸ್ಯರ ಸಭೆಯಲ್ಲಿ ಒಂದು ನಿಬಂಧನೆಯನ್ನು ಸೇರಿಸಿಕೊಳ್ಳುವುದು ಪೊಲೀಸರಿಗೆ ಬರೆಯುವುದಕ್ಕಿಂತ ಸುಲಭ. ಮನೆಯೊಳಗಿನ ಹೊಗೆಗೆ ಯಾವ ನಿಯಮವೂ ಇಲ್ಲ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ದೇಶದ ಶೇ 38.7ರಷ್ಟು ವಯಸ್ಕರು ಇತರರ ಹೊಗೆಗೆ ಒಡ್ಡಿಕೊಂಡಿದ್ದು ಮನೆಯಲ್ಲಿಯೇ.

ದೂರು ಬರೆಯುವವರು "ಧೂಮಪಾನದಿಂದ ತೊಂದರೆಯಾಗುತ್ತಿದೆ" ಎಂದಷ್ಟೇ ತಿಳಿಸಿದಲ್ಲಿ ಪರಿಶೀಲನೆಗೆ ಬಂದ ಅಧಿಕಾರಿಗೆ ಖಾಲಿ ಪಾದಚಾರಿ ಮಾರ್ಗವೊಂದೇ ಕಾಣುವ ಸಂಭವವಿದೆ. ಅಂಗಡಿಯ ಹೆಸರು, ಬಿಡಿ ಮಾರಾಟ ನಡೆಯುವ ಸಮಯ, ಲೈಟರು ಇರುವ ಜಾಗ, ಸಮೀಪದ ಶಾಲೆಯ ಹೆಸರು ಇವುಗಳನ್ನು ನಮೂದಿಸುವುದು ಸೂಕ್ತ. ಸಬ್-ಇನ್‌ಸ್ಪೆಕ್ಟರ್ ಹಾಗೂ ಮೇಲ್ಪಟ್ಟ ದರ್ಜೆಯ ಪೊಲೀಸ್ ಅಧಿಕಾರಿಗಳಿಗೆ ಕಾಯ್ದೆಯಡಿ ಅಧಿಕಾರವಿದೆ. ಹೋಟೆಲು, ಕಚೇರಿಗಳ ವಿಷಯದಲ್ಲಿ ಮೊದಲು ಅಲ್ಲಿನ ಮಾಲೀಕರಿಗೆ ಅಥವಾ ವ್ಯವಸ್ಥಾಪಕರಿಗೆ ತಿಳಿಸತಕ್ಕದ್ದು. ದೂರು ಸ್ವೀಕರಿಸುವವರ ಹೆಸರನ್ನು ಫಲಕದಲ್ಲಿ ಪ್ರಕಟಿಸುವುದು ಅವರ ಕರ್ತವ್ಯ, ದೂರಿನ ಮೇಲೆ ಕ್ರಮ ಜರುಗಿಸದಿದ್ದಲ್ಲಿ ದಂಡವು ಅವರ ಮೇಲೆಯೇ ಬೀಳುತ್ತದೆ. ಉದ್ದಿಮೆ ಪರವಾನಗಿಗೆ ಸಂಬಂಧಿಸಿದ ಅಂಶಗಳಿದ್ದಲ್ಲಿ ಪತ್ರವನ್ನು ಪಾಲಿಕೆಗೆ ಬರೆಯಬೇಕು. 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದ ನಂತರ ಬಸವನಗುಡಿ ಮತ್ತು ಮಲ್ಲೇಶ್ವರ ಪಶ್ಚಿಮ ನಗರ ಪಾಲಿಕೆಗೂ, ಚಾಮರಾಜಪೇಟೆ ಕೇಂದ್ರ ನಗರ ಪಾಲಿಕೆಗೂ ಸೇರಿರುವುದನ್ನು ವಿಳಾಸ ಬರೆಯುವಾಗ ಗಮನಿಸುವುದು. ಧೂಮಪಾನ ತ್ಯಜಿಸಲು ನೆರವು ಬಯಸುವವರಿಗೆ ರಾಷ್ಟ್ರೀಯ ಉಚಿತ ದೂರವಾಣಿ ಸಂಖ್ಯೆ 1800-11-2356.