ಸಹಿ ಅವಳದು, ಸಾಲ ಯಾರದು?

ಕಳೆದ ತಿಂಗಳು ನಮ್ಮ ಬೀದಿಯ ಸ್ವಸಹಾಯ ಸಂಘದ ಸದಸ್ಯೆಯೊಬ್ಬಳ ಜೊತೆ ಬ್ಯಾಂಕಿಗೆ ಹೋಗಿದ್ದೆ. ಗಂಡನ ಹೊಡೆತ ತಾಳಲಾರದೆ ಎರಡು ಮಕ್ಕಳೊಂದಿಗೆ ತವರಿಗೆ ಬಂದವಳು. ತಾಯಿ ಸಾಯುವ ಮುನ್ನ ತನ್ನ ಪುಟ್ಟ ಮನೆಯನ್ನು ಇವಳ ಹೆಸರಿಗೆ ಬರೆದುಕೊಟ್ಟಿದ್ದರು. ಅದನ್ನು ಅಡವಿಟ್ಟು ಸಾಲ ಪಡೆದು, ಮೇಲೆ ಎರಡು ಸಣ್ಣ ಮನೆ ಕಟ್ಟಿಸಿದರೆ ಬಾಡಿಗೆಯಲ್ಲೇ ಕಂತು ತೀರುತ್ತದೆ ಎಂಬುದು ಅವಳ ಲೆಕ್ಕ. ಲೆಕ್ಕ ತಪ್ಪಿರಲಿಲ್ಲ. ಖಾತೆ, ಕಂದಾಯದ ರಸೀದಿ ಎಲ್ಲವೂ ಸರಿಯಿತ್ತು. ವ್ಯವಸ್ಥಾಪಕರು ಕಂಪ್ಯೂಟರ್ ನೋಡಿ, “ನಿಮ್ಮ ಸಿಬಿಲ್ ಸರಿಯಿಲ್ಲಮ್ಮ” ಎಂದರು.

“ನಾನು ಯಾವತ್ತೂ ಬ್ಯಾಂಕಿನ ದುಡ್ಡು ಮುಟ್ಟಿದವಳಲ್ಲ ಸಾರ್” ಎಂದಳು. ವರದಿ ತೆಗೆಸಿದಾಗ ನಿಜ ಹೊರಬಿತ್ತು. ನಾದಿನಿಯ ಮದುವೆಯಲ್ಲಿ ವರನಿಗೆ ಬೈಕು, ಬಂಗಾರ ಕೊಡಲು ಗಂಡ ಸಾಲ ಮಾಡಿದ್ದ. ಅವನಿಗೆ ಸಂಬಳದ ಚೀಟಿ ಇರಲಿಲ್ಲ. ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದ ಇವಳಿಗೆ ಇತ್ತು. ಸಹಿ ಹಾಕು ಎಂದ, ಹಾಕಿದಳು. ಹಾಕದಿದ್ದರೆ ಏನಾಗುತ್ತಿತ್ತು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಇವಳು ಮನೆ ಬಿಟ್ಟ ಮೇಲೆ ಅವನು ಕಂತು ನಿಲ್ಲಿಸಿದ. ಸಹ ಸಾಲಗಾರಳಾದ್ದರಿಂದ ಬಾಕಿ ಇಬ್ಬರ ವರದಿಯಲ್ಲೂ ದಾಖಲಾಗಿದೆ. ಇವಳು ಸಹಿಯನ್ನೇ ಹಾಕದ ಇನ್ನೊಂದು ಸಾಲವೂ ಅಲ್ಲಿತ್ತು!

ತನ್ನ ಮದುವೆಗೆ ವರದಕ್ಷಿಣೆ ತೆತ್ತು ಬಂದವಳು ನಾದಿನಿಯ ವರದಕ್ಷಿಣೆಗೂ ತನ್ನ ಹೆಸರನ್ನು ತೆರಬೇಕಾಯಿತು. 1961ರಿಂದ ವರದಕ್ಷಿಣೆ ನಿಷೇಧದ ಕಾಯಿದೆ ಇದೆ. ಆದರೆ ಸಾಲದ ಅರ್ಜಿಯಲ್ಲಿ ಅದನ್ನು ವರದಕ್ಷಿಣೆ ಎಂದು ಯಾರು ಬರೆಯುತ್ತಾರೆ? 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಆರ್ಥಿಕ ದೌರ್ಜನ್ಯವನ್ನೂ ದೌರ್ಜನ್ಯವೆಂದೇ ಒಪ್ಪಿದೆ. ಅದರ 20ನೇ ಕಲಮಿನಡಿ ಆದ ನಷ್ಟವನ್ನು ಗಂಡನಿಂದ ಕೇಳಬಹುದು. ಸಂರಕ್ಷಣಾಧಿಕಾರಿಗೆ ದೂರು ಕೊಡುವಾಗ ಸಾಲದ ಕಾಗದಗಳನ್ನೂ ಲಗತ್ತಿಸಿ. ಆದರೆ ಆ ಆದೇಶ ಗಂಡನನ್ನು ಕಟ್ಟಿಹಾಕೀತೇ ಹೊರತು ಸಾಲ ಕೊಟ್ಟ ಬ್ಯಾಂಕನ್ನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಲವಂತದಿಂದ ಹೇರಿದ ಕೆಲವು ಬಗೆಯ ಸಾಲಗಳಿಂದ ಹೆಣ್ಣಿಗೆ ಬಿಡುಗಡೆ ಕೊಡುವ ಕಾನೂನು 2023ರಲ್ಲಿ ಜಾರಿಗೆ ಬಂತು. ನಮ್ಮಲ್ಲೂ ಅಂಥದೊಂದನ್ನು ಕೇಳುವ ಕಾಲ ಬಂದಿದೆ ಎಂದು ನನ್ನ ಅಭಿಪ್ರಾಯ. ಹೆಣ್ಣಿನ ಸಹಿ ಪಡೆಯುವಾಗ ಗಂಡನನ್ನು ಹೊರಗೆ ಕೂರಿಸಿ ಅವಳೊಬ್ಬಳನ್ನೇ ಎರಡು ಮಾತು ಕೇಳಲು ಬ್ಯಾಂಕಿನವರಿಗೆ ಎಷ್ಟು ಹೊತ್ತು ಬೇಕು?

ಅದಾಗುವವರೆಗೆ ನಾವು ಮಾಡಬೇಕಾದ್ದೂ ಇದೆ. ಸಾಲದ ಮಾಹಿತಿ ಕಂಪನಿಗಳು ನಮ್ಮಲ್ಲಿ ನಾಲ್ಕಿವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಗಂಡನ ಮನೆ ಬಿಟ್ಟು ಬಂದವರು ಮೊದಲು ಅದನ್ನು ತರಿಸಿ ನೋಡಿ. ತಪ್ಪು ನಮೂದು ಇದ್ದರೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವೆಂದು 2024ರಿಂದ ನಿಯಮವಿದೆ. ನಿಜವಾದ ಬಾಕಿಯನ್ನು ಮಾತ್ರ ಯಾರೂ ಅಳಿಸಲಾರರು. ಅಳಿಸಿಕೊಡುತ್ತೇವೆಂದು ದುಡ್ಡು ಕೇಳುವವರನ್ನು ನಂಬಬೇಡಿ. ಚೌಕಾಶಿ ಮಾಡಿ ಕಡಿಮೆಗೆ ಮುಗಿಸಿದರೆ ವರದಿಯಲ್ಲಿ ‘ಸೆಟಲ್ಡ್’ ಎಂದು ಉಳಿಯುತ್ತದೆ, ಮುಂದಿನ ಬ್ಯಾಂಕು ಅದನ್ನು ಕಂಡು ಹಿಂಜರಿಯುತ್ತದೆ. ಆದಷ್ಟೂ ಪೂರ್ತಿ ತೀರಿಸಿ ‘ಕ್ಲೋಸ್ಡ್’ ಎಂದು ಬರೆಸಿ, ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ.

ಬ್ಯಾಂಕು ಕೊಡದಿದ್ದಾಗ ಖಾಸಗಿಯವರ ಬಳಿ ಮನೆಪತ್ರ ಇಡಲು ಹೊರಟಿದ್ದಳು. ನಾನೇ ತಡೆದೆ. ಬಾಡಿಗೆದಾರರು ಮೂರು ತಿಂಗಳು ಬರದಿದ್ದರೂ ಕಂತು ನಿಲ್ಲುವುದಿಲ್ಲ. ಮಕ್ಕಳ ತಲೆಯ ಮೇಲಿರುವ ಸೂರು ಅದೊಂದೇ.

ಸಂಘದ ಸಭೆಯಲ್ಲಿ, “ಅವಳನ್ನು ಇಟ್ಟುಕೊಂಡರೆ ನಮಗೂ ಸಾಲ ಸಿಗಲಿಕ್ಕಿಲ್ಲ” ಎಂಬ ಪಿಸುಮಾತು ಎದ್ದಿತು. ಅದು ನನ್ನನ್ನು ಬ್ಯಾಂಕಿಗಿಂತ ಹೆಚ್ಚು ನೋಯಿಸಿತು. ಸಂಘ ತನ್ನ ಸಾಲ ಸರಿಯಾಗಿ ಕಟ್ಟುತ್ತಿದ್ದರೆ, ಸದಸ್ಯೆಯೊಬ್ಬಳ ಅಥವಾ ಅವಳ ಮನೆಯವರ ಬಾಕಿ ಸಾಮಾನ್ಯವಾಗಿ ಸಂಘಕ್ಕೆ ಅಡ್ಡಿಯಾಗಬಾರದೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಇದನ್ನು ಓದಿ ಹೇಳಿದ ಮೇಲೆ ಅಧ್ಯಕ್ಷೆ ಅವಳ ಉಳಿತಾಯದ ಪುಸ್ತಕವನ್ನು ಮತ್ತೆ ತೆಗೆದುಕೊಂಡರು. ಸಹಿ ಹಾಕದ ಸಾಲದ ಬಗ್ಗೆ ದೂರು ಕೊಟ್ಟು ಇಂದಿಗೆ ಹದಿನೆಂಟು ದಿನ. ಸ್ವೀಕೃತಿಯ ಪ್ರತಿ ನನ್ನ ಬಳಿಯೇ ಇದೆ, ದಿನ ಎಣಿಸುತ್ತಿದ್ದೇವೆ.