ಶಾಲಾ ಸಮಿತಿಯೂ ಗೃಹಸ್ಥರೂ

ಬರುವ ಜೂನ್ ಮಾಸದಲ್ಲಿ ಪಾಠಶಾಲೆಗಳು ತೆರೆಯುವುವು. ಅದರ ಬೆನ್ನಿಗೇ ತಂದೆತಾಯಿಗಳನ್ನು ಸಭೆಗೆ ಕರೆಯುವ ಚೀಟಿಯೊಂದು ಮಗುವಿನ ಪುಸ್ತಕದೊಳಗೆ ಮಡಿಸಿಕೊಂಡು ಮನೆಗೆ ಬರುವುದು. ಅನೇಕ ಮನೆಗಳಲ್ಲಿ ಅದು ಪುಸ್ತಕದೊಳಗೇ ಉಳಿದುಬಿಡುವುದೆಂಬುದನ್ನು ನಾವು ಬಲ್ಲೆವು; ವರ್ಷಗಟ್ಟಲೆ ಅಂತಹ ಚೀಟಿಗಳನ್ನು ಬರೆಸಿದವರು ನಾವೇ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ನಮ್ಮ ರಾಜ್ಯದಲ್ಲಿ ಹುಟ್ಟಿದುದು 2001ನೆಯ ಇಸವಿಯಲ್ಲಿ, ವಿಜ್ಞಾನಿಗಳಾದ ಡಾಕ್ಟರ್ ರಾಜಾ ರಾಮಣ್ಣನವರು ಅಧ್ಯಕ್ಷರಾಗಿದ್ದ ಕಾರ್ಯಪಡೆಯ ಸಲಹೆಯ ಮೇಲೆ. ಬಳಿಕ 2009ರಲ್ಲಿ ಅಂಗೀಕೃತವಾಗಿ 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ದೇಶದಲ್ಲೆಲ್ಲ ಇಂತಹ ಸಮಿತಿಗಳನ್ನು ವಿಧಿಸಿತು. ಸದಸ್ಯರಲ್ಲಿ ಮುಕ್ಕಾಲು ಪಾಲಿಗೆ ಕಡಮೆಯಿಲ್ಲದಂತೆ ಮಕ್ಕಳ ತಂದೆತಾಯಿಗಳೋ ಪೋಷಕರೋ ಇರತಕ್ಕದ್ದು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಂದಿ ಸ್ತ್ರೀಯರಾಗಿರತಕ್ಕದ್ದು. ಶಾಲೆಯ ನಡೆವಳಿಕೆಯನ್ನು ನೋಡಿಕೊಳ್ಳುವುದು, ಬಂದ ಹಣವು ಹೇಗೆ ವೆಚ್ಚವಾಯಿತೆಂದು ವಿಚಾರಿಸುವುದು, ಶಾಲೆಯ ಅಭಿವೃದ್ಧಿ ಯೋಜನೆಯನ್ನು ಬರೆಯುವುದು, ಇವೆಲ್ಲ ಅದರ ಕೆಲಸ. ಆ ಯೋಜನೆಯನ್ನೇ ಆಧಾರವಾಗಿಟ್ಟುಕೊಂಡು ಸರ್ಕಾರವು ಅನುದಾನ ಕೊಡಬೇಕೆಂದು ಕಾಯಿದೆಯಲ್ಲಿದೆ. ಸರ್ಕಾರದ ನೆರವಿಲ್ಲದ ಖಾಸಗಿ ಶಾಲೆಗಳಿಗೆ ಈ ನಿಬಂಧನೆಯಿಲ್ಲ. ಸಾವಿರಾರು ರೂಪಾಯಿ ಶುಲ್ಕ ತೆರುವವರಿಗೆ ಇಲ್ಲದ ಅಧಿಕಾರವು ಬಡವನ ಮಗು ಓದುವ ಶಾಲೆಯಲ್ಲಿ ಆ ಬಡವನಿಗಿದೆ. ಇದನ್ನು ಬಹಳ ಮಂದಿ ಅರಿಯರು.

‘ಸಮಿತಿ’ ಎಂಬ ಪದವು ಹೋಗುವುದೆಂಬ ಅರ್ಥದ ಧಾತುವಿನ ಹಿಂದೆ ‘ಸಮ್’ ಎಂಬ ಉಪಸರ್ಗ ಸೇರಿ ಆದುದು, ಒಟ್ಟುಗೂಡಿ ಬರುವುದೆಂದರ್ಥ. ನಲವತ್ತು ವರ್ಷಗಳ ಹಿಂದೆ ಗುರುಗಳ ಮುಂದೆ ಕುಳಿತು ಇದನ್ನು ಉರುಹೊಡೆದಿದ್ದ ನಾವು, ಮುಖ್ಯೋಪಾಧ್ಯಾಯರಾದ ಮೇಲೆ ಮಾಡಿದುದೇನು? ಸಭೆಯ ಪುಸ್ತಕವನ್ನು ಹುಡುಗನೊಬ್ಬನ ಕೈಯಲ್ಲಿ ಕೊಟ್ಟು ಮನೆಮನೆಗೆ ಕಳುಹಿಸಿ ರುಜು ಹಾಕಿಸಿಕೊಳ್ಳುತ್ತಿದ್ದೆವು. ಯಾರೂ ಬಾರದ ಸಭೆಯಲ್ಲಿ ನಿರ್ಣಯಗಳು ಸರ್ವಾನುಮತದಿಂದ ಅಂಗೀಕೃತವಾಗುತ್ತಿದ್ದುವು! ಕರೆದರೂ ಬಾರರೆಂದು ಊರವರನ್ನು ದೂರುವುದು ಬೇರೆ. ಸಭೆಯನ್ನು ನಾವು ಇಡುತ್ತಿದ್ದುದು ಬೆಳಗಿನ ಹನ್ನೊಂದು ಗಂಟೆಗೆ. ಆ ಹೊತ್ತಿಗೆ ಕೂಲಿಯ ಜನರೆಲ್ಲ ಗದ್ದೆಯಲ್ಲಿರುತ್ತಿದ್ದರು. ಅರ್ಧ ದಿನದ ಕೂಲಿಯನ್ನು ಬಿಟ್ಟು ಬಂದು ನಮ್ಮ ಭಾಷಣವನ್ನು ಕೇಳಬೇಕೆಂದು ನಮ್ಮ ಎಣಿಕೆ.

ಒಂದು ವರ್ಷ, ಸದಸ್ಯೆಯಾಗಿದ್ದ ತಾಯಿಯೊಬ್ಬಳು ರುಜು ಹಾಕಲು ಒಪ್ಪದೆ, ದೀಪ ಹಚ್ಚುವ ಹೊತ್ತಿಗೆ ಸಭೆ ಇಟ್ಟರೆ ಬರುವೆನೆಂದು ಹೇಳಿ ಕಳುಹಿಸಿದಳು. ನಮಗೆ ಸ್ವಲ್ಪ ಕೋಪವೇ ಬಂದಿತು. ಆದರೂ ಹಾಗೆಯೇ ಇಟ್ಟೆವು. ಹದಿನಾರು ಮಂದಿ ಬಂದರು. ಅವರಲ್ಲಿ ಹನ್ನೊಂದು ಮಂದಿ ಹೆಂಗಸರು. ಏಳನೆಯ ತರಗತಿಯ ಹೆಣ್ಣುಮಕ್ಕಳು ಮಧ್ಯಾಹ್ನದ ಊಟದ ಮೇಲೆ ಮನೆಗೆ ಹೋದವರು ಮರಳಿ ಬರುವುದಿಲ್ಲವೆಂದೂ, ಅವರಿಗೆ ಓದಿನಲ್ಲಿ ಶ್ರದ್ಧೆಯಿಲ್ಲವೆಂದೂ ನಾವು ವಿಸ್ತಾರವಾಗಿ ಹೇಳಿದೆವು. ಹೆಂಗಸರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಕಡೆಗೆ ಆ ತಾಯಿಯೇ ಎದ್ದು ನಿಂತು, “ಮೇಷ್ಟ್ರೇ, ಹೆಣ್ಣುಮಕ್ಕಳ ಕಕ್ಕಸಿಗೆ ಬೀಗ ಹಾಕಿದೆಯಲ್ಲ, ಅದರ ಬೀಗದಕೈ ಯಾರ ಹತ್ತಿರ ಇದೆ?” ಎಂದಳು.

ಅದು ನಮ್ಮ ಮೇಜಿನ ಖಾನೆಯಲ್ಲಿತ್ತು. ತಪಾಸಣೆಗೆ ಬರುವ ಅಧಿಕಾರಿಗಳಿಗೆ ಚೊಕ್ಕಟವಾಗಿ ಕಾಣಲೆಂದು ನಾವೇ ಬೀಗ ಹಾಕಿಸಿದ್ದೆವು. ಹನ್ನೆರಡು ವರ್ಷದ ಹುಡುಗಿಯು ಗಂಡಸಾದ ಮುಖ್ಯೋಪಾಧ್ಯಾಯನ ಮುಂದೆ ನಿಂತು ಆ ಬೀಗದಕೈಯನ್ನು ಬೇಡಲಾರಳೆಂಬುದು ನಮಗೆ ಹೊಳೆದೇ ಇರಲಿಲ್ಲ. ಆ ರಾತ್ರಿಯೇ ಬೀಗ ತೆಗೆಸಿದೆವು. ನೀರಿನ ತೊಟ್ಟಿಗೆ ನಲ್ಲಿ ಹಾಕಿಸಬೇಕೆಂದು ಯೋಜನೆಯಲ್ಲಿ ಬರೆದುದೂ ಅದೇ ಸಭೆಯಲ್ಲಿಯೇ. ಮಧ್ಯಾಹ್ನದ ಹಾಜರಿಯು ಒಂದೇ ತಿಂಗಳಲ್ಲಿ ಸರಿಹೋಯಿತು. ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ಶಾಲೆ ಬಿಟ್ಟುಹೋದ ಹುಡುಗಿಯರು ಮಾತ್ರ ತಿರುಗಿ ಬರಲಿಲ್ಲ.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಸಭೆಗೆ ಹೋದಾಗ ಉಪಾಧ್ಯಾಯರು ಏನೆಂದುಕೊಳ್ಳುವರೋ ಎಂದು ಸಂಕೋಚ ಬೇಡ. ಯೋಜನೆಯನ್ನೂ ಲೆಕ್ಕದ ಪುಸ್ತಕವನ್ನೂ ತೋರಿಸೆಂದು ಕೇಳಬಹುದು. ಪುಸ್ತಕವೇ ಮನೆಬಾಗಿಲಿಗೆ ರುಜುವಿಗಾಗಿ ಬಂದರೆ ಅದನ್ನು ಹಾಗೆಯೇ ಹಿಂದಕ್ಕೆ ಕಳುಹಿಸಬಹುದು. ಗೊತ್ತುಮಾಡಿದ ಹೊತ್ತು ಅನುಕೂಲವಿಲ್ಲದಿದ್ದರೆ, ಯಾವ ಹೊತ್ತು ಆಗುವುದೆಂದು ಚೀಟಿಯ ಹಿಂಬದಿಯಲ್ಲಿ ಬರೆದು ಮಗುವಿನ ಕೈಯಲ್ಲಿಯೇ ಕೊಟ್ಟರಾಯಿತು.