ದೋಣಿಗೆ ಬಣ್ಣ ಬಳಿದರೆ ಸಾಲದು

ಬೆಟ್ಟದಪುರದಲ್ಲಿ ಕುಳಿತವನು ದೋಣಿಯ ವಿಚಾರ ಬರೆಯಹೊರಟರೆ ವಾಚಕರು ನಗಬಹುದು. ನಮ್ಮದು ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಬುಡ, ಹೊಗೆಸೊಪ್ಪಿನ ಸೀಮೆ. ನಮಗೂ ಸಮುದ್ರಕ್ಕೂ ನಡುವೆ ಇಡೀ ಕೊಡಗು ಅಡ್ಡ ನಿಂತಿದೆ. ನಾವು ಕಂಡ ದೋಣಿಯೆಂದರೆ ಕಾವೇರಿಯ ಹರಿಗೋಲು, ಅಷ್ಟೆ. ಆದರೆ ಹರಿಗೋಲನ್ನು ಕಂಡವನಾದ್ದರಿಂದಲೇ ಈ ಮಾತನ್ನು ಆಡಬೇಕೆನ್ನಿಸಿದೆ.

ಕಳೆದ ವರ್ಷ ವಿದ್ಯಾರ್ಥಿಗಳೊಡನೆ ಕರಾವಳಿಗೆ ಹೋಗಿದ್ದೆ. ನಾವು ಇಳಿದುಕೊಂಡ ವಸತಿಗೃಹದ ಅಂಗಳದಲ್ಲಿ ಒಂದು ಹಳೆಯ ಮರದ ದೋಣಿ. ಹೊರಮೈಗೆ ಫೈಬರ್ ಗ್ಲಾಸಿನ ಲೇಪ, ಅದರ ಮೇಲೆ ನೀಲಿ ಬಣ್ಣ; ಒಡಲ ತುಂಬ ಮಣ್ಣು, ಮಣ್ಣಿನಲ್ಲಿ ಕ್ರೋಟನ್ ಗಿಡ. ಪಕ್ಕದಲ್ಲಿ "ನಮ್ಮ ಪರಂಪರೆಯನ್ನು ಉಳಿಸೋಣ" ಎಂಬ ಫಲಕ. "ರಿಪೇರಿ ಮಾಡಿಸಿದ್ದೇವೆ ಸಾರ್, ಇನ್ನು ನೂರು ವರ್ಷ ಏನೂ ಆಗೋದಿಲ್ಲ" ಎಂದರು ಅಲ್ಲಿನ ಮ್ಯಾನೇಜರು. ಅಂಚಿನ ಹಲಗೆಯೊಂದನ್ನು ಒಳಗಿನಿಂದ ಒತ್ತಿ ನೋಡಿದೆ. ನೆನೆದ ರಸ್ಕಿನೊಳಕ್ಕೆ ಹೋದಂತೆ ಬೆರಳು ಒಳಕ್ಕೆ ಹೋಯಿತು.

ಇದು ರಕ್ಷಣೆಯಲ್ಲ, ಹೆಣಕ್ಕೆ ಮಾಡಿದ ಶೃಂಗಾರ.

ಮರ ನೀರುಂಡರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇಲೆ ಬಿಗಿದ ಲೇಪ ಅದರೊಡನೆ ಹಿಗ್ಗದು, ಕುಗ್ಗದು. ಎರಡರ ನಡುವೆ ಸಂದು ಬಿಟ್ಟು ನೀರು ಸೇರುತ್ತದೆ. ಸೇರಿದ ನೀರಿಗೆ ಹೊರದಾರಿಯಿಲ್ಲ. ಅದರಲ್ಲಿಯೂ ಮಳೆಯ ಸಿಹಿನೀರು ಉಪ್ಪುನೀರಿಗಿಂತ ಬೇಗ ಮರವನ್ನು ಕೊಳೆಸುತ್ತದೆ. ಬಲ್ಲವರು ಹೀಗೆ ಮಾಡುವುದಿಲ್ಲ. ಕೊಳೆತ ಹಲಗೆಯನ್ನು ಬಿಚ್ಚಿ ಹೊಸ ಹಲಗೆ ಕೂಡಿಸುತ್ತಾರೆ. ಸಂದುಗಳಿಗೆ ಹೊಸದಾಗಿ ನಾರು ತುಂಬುತ್ತಾರೆ. ಮೈಗೆ ಮೀನೆಣ್ಣೆ ಉಣಿಸುತ್ತಾರೆ. ಮಳೆಗಾಲದಲ್ಲಿ ತೆಂಗಿನ ಗರಿಯ ಮಾಡಿನ ಕೆಳಗೆ ಇಡುತ್ತಾರೆ. ಇಷ್ಟನ್ನೂ ಒಮ್ಮೆ ಮಾಡಿ ಕೈತೊಳೆದುಕೊಳ್ಳುವಂತಿಲ್ಲ. ಮತ್ತೆ ಮತ್ತೆ ಮಾಡಬೇಕು. ನಮ್ಮ ಪರಂಪರಾಭಿಮಾನಿಗಳಿಗೆ ಬೇಡವಾಗಿರುವುದು ಈ "ಮತ್ತೆ ಮತ್ತೆ" ಎಂಬುದೇ.

೨೦೨೫ರ ಮೇ ೨೧ರಂದು ಕಾರವಾರದ ನೌಕಾನೆಲೆಯಲ್ಲಿ 'ಕೌಂಡಿನ್ಯ' ಎಂಬ ಹಡಗು ನೌಕಾಪಡೆಗೆ ಸೇರಿತು. ಅಜಂತೆಯ ಐದನೆಯ ಶತಮಾನದ ಚಿತ್ರವೊಂದನ್ನು ನೋಡಿ ಕಟ್ಟಿದ ಹಡಗು. ಒಡಲಿನ ಹಲಗೆಗಳನ್ನು ಮೊಳೆಯಿಂದ ಜಡಿದಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಕೇರಳದಿಂದ ಬಂದ ಕುಶಲಕರ್ಮಿಗಳು ಗೋವೆಯಲ್ಲಿ ಕೂತು ಹೊಲಿದರು. ಇದು ಹೆಮ್ಮೆಯ ಸಂಗತಿ; ನಾನೂ ಸಂತೋಷಪಟ್ಟವನೇ.

ಆದರೆ ಒಂದು ಪ್ರಶ್ನೆ ಕೇಳದೆ ಇರಲಾರೆ. ಹೊಲಿದ ದೋಣಿಯನ್ನು ಕಾಣಲು ನಮ್ಮ ಕರಾವಳಿಯವರು ಅಜಂತೆಯ ಗೋಡೆಯವರೆಗೆ ಹೋಗಬೇಕಾಗಿತ್ತೆ? ರಂಪಣಿ ಬಲೆ ಬೀಸುತ್ತಿದ್ದ ದೊಡ್ಡ ದೋಣಿಗಳೂ ಇದೇ ನಾರಿನಿಂದ ಹೊಲಿದವೇ ಆಗಿದ್ದವು. ಊರಿಗೆ ಊರೇ ದಡದಲ್ಲಿ ನಿಂತು ಆ ಬಲೆಯನ್ನು ಎಳೆಯುತ್ತಿತ್ತು. ಬಂಗುಡೆ, ಬೂತಾಯಿ ರಾಶಿ ಬೀಳುತ್ತಿದ್ದವು. ೧೯೭೦ರ ದಶಕದಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದಮೇಲೆ ರಂಪಣಿ ಸೋತಿತು. ದೋಣಿಗಳು ಮರಳಿನ ಮೇಲೆ ಉಳಿದವು. ಆಗ ಅವುಗಳ ಮುಂದೆ ಯಾರೂ ಫಲಕ ನೆಡಲಿಲ್ಲ. ಕಣ್ಣೆದುರು ಇದ್ದಾಗ ಬಡವರ ದೋಣಿ. ಗೋಡೆಯ ಮೇಲೆ ಕಂಡಾಗ ರಾಷ್ಟ್ರದ ಪರಂಪರೆ! ಈ ನ್ಯಾಯ ನನಗೆ ಅರ್ಥವಾಗುವುದಿಲ್ಲ.

"ಮೀನುಗಾರ ಫೈಬರ್ ದೋಣಿ ಬಿಟ್ಟು ಹಳೆಯದಕ್ಕೇ ಅಂಟಿಕೊಂಡಿರಬೇಕೆ?" ಎಂದು ಕೆಲವರು ಕೇಳುತ್ತಾರೆ. ಖಂಡಿತ ಬೇಡ. ಹಗುರವಾದ ದೋಣಿಯಿಂದ ಅವನ ಬೆನ್ನು ಉಳಿಯುತ್ತದೆ, ಹೊಟ್ಟೆ ತುಂಬುತ್ತದೆ. ಪರಂಪರೆಯ ಭಾರವನ್ನು ಅವನ ತಲೆಯ ಮೇಲೆ ಹೊರಿಸುವ ಅಧಿಕಾರ ನಮಗಿಲ್ಲ. ನನ್ನ ಜಗಳ ಅವನೊಡನೆ ಅಲ್ಲ, ಫಲಕ ನೆಡುವವರೊಡನೆ.

ಇನ್ನು ಕೆಲವರು ತತ್ವಜ್ಞಾನಿಗಳು. "ಹಲಗೆಗಳನ್ನೆಲ್ಲ ಬದಲಿಸಿದರೆ ಅದು ಹಳೆಯ ದೋಣಿ ಹೇಗಾದೀತು?" ಎನ್ನುತ್ತಾರೆ. ಗ್ರೀಕರು ಥೀಸಿಯಸನ ಹಡಗಿನ ವಿಷಯದಲ್ಲಿ ಇದೇ ತರ್ಕ ಹೂಡಿದ್ದರು. ನಮ್ಮ ಊರಿನವರಿಗೆ ಈ ತೊಡಕಿಲ್ಲ. ತೇರಿನ ಅಚ್ಚು ಸವೆದರೆ ಹೊಸ ಅಚ್ಚು ಹಾಕುತ್ತಾರೆ, ಹಗ್ಗ ಜೀರ್ಣವಾದರೆ ಹೊಸ ಹಗ್ಗ ಕಟ್ಟುತ್ತಾರೆ. ತೇರು ಅದೇ ತೇರು, ಏಕೆಂದರೆ ಅದನ್ನು ಎಳೆಯುತ್ತಾರೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಡೊಮಿಂಗೊ ಪೇಸ್ ಬುಟ್ಟಿಯಂತೆ ದುಂಡಗಿನ, ಚರ್ಮ ಹೊದಿಸಿದ ದೋಣಿಗಳನ್ನು ಕಂಡು ಬರೆದಿದ್ದಾನೆ. ಇಂದಿನ ಹರಿಗೋಲಿಗೆ ಚರ್ಮವಿಲ್ಲ. ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ. ಆದರೂ ಅದು ಹರಿಗೋಲೇ. ತೊಗಲು ಬದಲಾಯಿತು, ಹೆಣೆಯುವ ಕೈ ಉಳಿಯಿತು. ವಸತಿಗೃಹದ ದೋಣಿಯಲ್ಲಿ ತೊಗಲು ಉಳಿದಿದೆ, ಕೈ ಸತ್ತಿದೆ.

ಹಳೆಯ ಮರವನ್ನೇ ಇದ್ದಂತೆ ಇಡಬೇಕೆನ್ನುವವರು ಸ್ವೀಡನ್ನಿನ 'ವಾಸಾ'ದ ಕಥೆ ಕೇಳಲಿ. ೧೬೨೮ರಲ್ಲಿ ಮುಳುಗಿದ ಹಡಗನ್ನು ೧೯೬೧ರಲ್ಲಿ ಮೇಲೆತ್ತಿದರು. ಮರ ಬಿರಿಯದಿರಲೆಂದು ಹದಿನೇಳು ವರ್ಷ ರಸಾಯನ ಸಿಂಪಡಿಸಿದರು. ಆಮೇಲೂ ಮರದೊಳಗೆ ಗಂಧಕಾಮ್ಲ ಹುಟ್ಟಿತು. ಕೂಡಿಸಿದ್ದ ಐದು ಸಾವಿರಕ್ಕೂ ಹೆಚ್ಚು ಕಬ್ಬಿಣದ ಬೋಲ್ಟುಗಳನ್ನು ತೆಗೆದು ತುಕ್ಕು ಹಿಡಿಯದ ಉಕ್ಕಿನವನ್ನು ಹಾಕಬೇಕಾಯಿತು. ಅಷ್ಟು ಶ್ರದ್ಧೆ, ಅಷ್ಟು ಹಣ ಇದ್ದವರು ಆ ದಾರಿ ಹಿಡಿಯಲಿ. ಒಂದು ಡಬ್ಬ ಬಣ್ಣದಿಂದ ಅದು ಆಗುವ ಕೆಲಸವಲ್ಲ.

ನಾನು ಕೇಳುವುದು ಸ್ವಲ್ಪ. ನಮ್ಮ ಮೂರು ಕರಾವಳಿ ಜಿಲ್ಲೆಗಳಲ್ಲಿ ಜಿಲ್ಲೆಗೊಂದು ಹೊಲಿದ ದೋಣಿ ನೀರಿನಲ್ಲಿ ಇರಲಿ, ತೋಟದಲ್ಲಿ ಬೇಡ. ಹೊಲಿಗೆ ಸಡಿಲವಾದಾಗ ಬಿಚ್ಚಿ ಮತ್ತೆ ಹೊಲಿಯಲಿ. ಆ ಕೆಲಸ ಬಲ್ಲ ಹಿರಿಯರು ಎಲ್ಲಿದ್ದರೂ ಹುಡುಕಿ, ಅವರ ಕೈಕೆಳಗೆ ಇಬ್ಬರು ಮೂವರು ಹುಡುಗರನ್ನು ಸರಿಯಾದ ದಿನಗೂಲಿ ಕೊಟ್ಟು ಕೂಡಿಸಲಿ. ಕಸುಬಿನ ಮಾತುಗಳನ್ನು ನಮ್ಮಂಥ ಕನ್ನಡ ಮೇಷ್ಟರುಗಳು ಹೋಗಿ ಬರೆದುಕೊಳ್ಳೋಣ. ಕಸುಬು ಸತ್ತ ಮೇಲೆ ಪದ ನಿಘಂಟಿನಲ್ಲಿ ಉಳಿದೀತು. ನಾಲಗೆಯ ಮೇಲೆ ಉಳಿಯದು.

ಅದಾಗದಿದ್ದರೆ ಆ ಫಲಕವನ್ನಾದರೂ ಕೀಳಿಸಿ. ಕ್ರೋಟನ್ ಗಿಡಕ್ಕೆ ಮಣ್ಣಿನ ಕುಂಡ ಸಾಕು.